ಭಿಷಗ್ಬುಭೂಷು: ವೈದ್ಯವಿದ್ಯೆಯ ಪ್ರವೇಶಪರೀಕ್ಷೆಯನ್ನು ಕುರಿತು

ಈ ಲೇಖನಕ್ಕೆ ನಿಮಿತ್ತನಾದವನು ನಮ್ಮ ಬೀದಿಯ ಒಬ್ಬ ಹುಡುಗ. ವೈದ್ಯನಾಗಬೇಕೆಂಬ ಆಸೆಯಿಂದ ಅವನು ಅಖಿಲಭಾರತ ಪ್ರವೇಶಪರೀಕ್ಷೆಗೆ ಎರಡನೆಯ ಬಾರಿ ಸಿದ್ಧನಾಗುತ್ತಿದ್ದನು. ಒಂದು ಸಂಜೆ ನಮ್ಮ ಜಗಲಿಯ ಮೇಲೆ ಬಂದು ಕುಳಿತು, ಹಿಂದಿನ ಕಾಲದಲ್ಲಿ ವೈದ್ಯರಾಗುವವರಿಗೂ ಇಂಥ ಪರೀಕ್ಷೆ ಇತ್ತೆ ಎಂದು ಕೇಳಿದನು. ನಾನು ಗ್ರಂಥವನ್ನು ನೋಡದೆಯೇ, ಇರಲಿಲ್ಲ, ಗುರುವಿನ ಕೃಪೆಯೇ ಪ್ರವೇಶವಾಗಿತ್ತು ಎಂದುಬಿಟ್ಟೆನು. ಪಾಠಶಾಲೆಯಲ್ಲಿ ವ್ಯಾಕರಣ ಸಾಹಿತ್ಯಗಳನ್ನು ಓದಿದ ನನ್ನಂಥವರಿಗೆ ಆಯುರ್ವೇದಗ್ರಂಥಗಳ ಪರಿಚಯ ಅಷ್ಟಕ್ಕಷ್ಟೆ. ಮನಸ್ಸು ಒಪ್ಪದೆ ಆ ರಾತ್ರಿಯೇ ಚರಕಸಂಹಿತೆಯ ವಿಮಾನಸ್ಥಾನವನ್ನು ತೆಗೆದು ನೋಡಿದಾಗ ನನ್ನ ಉತ್ತರವು ತಪ್ಪೆಂದು ತಿಳಿಯಿತು. ಪರೀಕ್ಷೆ ಇದ್ದಿತು, ಆದರೆ ಅದು ಆರಂಭವಾಗುತ್ತಿದ್ದುದು ನಾವು ಎಣಿಸುವ ಕಡೆಯಿಂದಲ್ಲ. ಆ ತಪ್ಪನ್ನು ತಿದ್ದುವುದಕ್ಕಾಗಿಯೇ ಈ ಬರಹ.

ಹೋಲಿಕೆಗಾಗಿ ಈಗಿನ ಪರೀಕ್ಷೆಯ ಸ್ವರೂಪವನ್ನು ಮೊದಲು ಹೇಳಬೇಕು. ನೀಟ್ ಎಂಬ ಹೆಸರಿನ ಈ ಪರೀಕ್ಷೆಯು ೨೦೧೩ರಲ್ಲಿ ಮೊದಲು ನಡೆದು, ಅದೇ ವರ್ಷ ಸರ್ವೋಚ್ಚ ನ್ಯಾಯಾಲಯದಿಂದ ರದ್ದಾಗಿ, ೨೦೧೬ರಲ್ಲಿ ಮರಳಿ ಜಾರಿಗೆ ಬಂದಿತು. ೨೦೧೭ರಿಂದ ಕನ್ನಡದಲ್ಲಿಯೂ ಪ್ರಶ್ನೆಪತ್ರಿಕೆ ದೊರೆಯುತ್ತಿದೆ. ೨೦೨೫ರ ಪರೀಕ್ಷೆಯಲ್ಲಿ ೧೮೦ ಪ್ರಶ್ನೆಗಳು, ಅವಕ್ಕೆ ೧೮೦ ನಿಮಿಷಗಳು: ಜೀವಶಾಸ್ತ್ರದವು ೯೦, ಭೌತ ರಸಾಯನಗಳವು ೪೫ರಂತೆ. ಸರಿಯುತ್ತರಕ್ಕೆ ೪ ಅಂಕ. ತಪ್ಪಿದರೆ ೧ ಅಂಕ ಕಳೆಯುವರು. ಆಯುರ್ವೇದದ ಪದವಿಗೆ ಸೇರುವವರಿಗೂ ಇದೇ ಬಾಗಿಲು. ಚರಕ ಸುಶ್ರುತರನ್ನು ಓದಲು ಹೊರಟವನಿಗೆ ಆ ಬಾಗಿಲಲ್ಲಿ ಸಂಸ್ಕೃತದ ಒಂದಕ್ಷರವನ್ನೂ ಕೇಳುವುದಿಲ್ಲವೆಂಬುದು ನನ್ನಂಥವನಿಗೆ ವಿಚಿತ್ರವಾಗಿ ಕಾಣುತ್ತದೆ, ಅದು ಹಾಗಿರಲಿ.

ವಿಮಾನಸ್ಥಾನದ ಎಂಟನೆಯದಾದ ರೋಗಭಿಷಗ್ಜಿತೀಯಾಧ್ಯಾಯವು ಈ ವಿಷಯದಲ್ಲಿ ಮುಖ್ಯವಾದ ಆಧಾರ. ಅದರ ಆರಂಭದಲ್ಲಿ ಕರ್ತೃಪದವಾಗಿ ನಿಂತಿರುವವನು ಆಚಾರ್ಯನಲ್ಲ, ಭಿಷಗ್ಬುಭೂಷು. ಭೂ ಧಾತುವಿಗೆ ಇಚ್ಛಾರ್ಥದ ಸನ್ ಪ್ರತ್ಯಯವೂ ಅದರ ಮೇಲೆ ಉ ಪ್ರತ್ಯಯವೂ ಸೇರಿ ಆದ ಶಬ್ದವಿದು; ವೈದ್ಯನಾಗಲು ಬಯಸುವವನು ಎಂದರ್ಥ. ಪರೀಕ್ಷಿಸುವ ಕೆಲಸವು ಮೊದಲು ಈತನದು. ತಾನು ಕೈಹಾಕಲಿರುವ ಕಾರ್ಯದ ಗುರುಲಾಘವವನ್ನೂ, ಅದರ ಫಲವನ್ನೂ, ಮುಂದೆ ಅದರಿಂದ ಬರುವ ಅನುಬಂಧವನ್ನೂ, ದೇಶಕಾಲಗಳನ್ನೂ ಈತನು ಆಲೋಚಿಸಬೇಕು. ಇದು ತನ್ನಿಂದಾಗುವುದೆಂದು ಯುಕ್ತಿಯಿಂದ ಕಂಡ ಮೇಲೆ ಶಾಸ್ತ್ರವನ್ನು ಪರೀಕ್ಷಿಸಬೇಕು. ಲೋಕದಲ್ಲಿ ವೈದ್ಯಶಾಸ್ತ್ರಗಳು ಹಲವು ಪ್ರಚಾರದಲ್ಲಿರುವುದರಿಂದ, ಆಪ್ತರು ಆದರಿಸುವ, ಅರ್ಥಬಹುಳವಾದ, ಪುನರುಕ್ತಿಯಿಲ್ಲದ ಒಂದನ್ನು ಆರಿಸಿಕೊಳ್ಳಬೇಕು. ಮಂದ, ಮಧ್ಯಮ, ತೀಕ್ಷ್ಣರೆಂಬ ಮೂರು ಬಗೆಯ ಶಿಷ್ಯಬುದ್ಧಿಗೂ ಹಿತವಾಗಿರಬೇಕೆಂದು ಗ್ರಂಥಕ್ಕೆ ವಿಧಿಸಿರುವ ಲಕ್ಷಣವೊಂದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಮಂದನಾದವನು ಹೊರಗಿರಲೆಂದು ಅಲ್ಲಿ ಹೇಳಿಲ್ಲ.

ಶಾಸ್ತ್ರವಾದ ಮೇಲೆ ಆಚಾರ್ಯಪರೀಕ್ಷೆ. ಆಚಾರ್ಯನು ಶಾಸ್ತ್ರದಲ್ಲಿ ನಿಸ್ಸಂಶಯನಾಗಿರಬೇಕು, ಕರ್ಮವನ್ನು ಕಣ್ಣಾರೆ ಕಂಡಿರಬೇಕು, ಕೈ ಪಳಗಿರಬೇಕು, ಉಪಕರಣಗಳುಳ್ಳವನಾಗಿರಬೇಕು, ಅಹಂಕಾರ, ಅಸೂಯೆ, ಕೋಪಗಳಿರಬಾರದು, ಶಿಷ್ಯವತ್ಸಲನಾಗಿರಬೇಕು. ಕೊನೆಯ ಲಕ್ಷಣವೇ ಬಹು ಮುಖ್ಯವೆಂದು ನನ್ನ ಅಭಿಪ್ರಾಯ: ತಿಳಿದುದನ್ನು ತಿಳಿಯಪಡಿಸಲು ಸಮರ್ಥನಾಗಿರಬೇಕು. ನಮ್ಮ ಹುಡುಗನು ಮೊದಲ ವರ್ಷ ಸೇರಿದ್ದ ತರಬೇತಿಯ ಸ್ಥಳದಲ್ಲಿ, ಒಂದು ಕೊಠಡಿಯೊಳಗೆ ನೂರಕ್ಕೆ ಮೇಲ್ಪಟ್ಟು ವಿದ್ಯಾರ್ಥಿಗಳಿದ್ದು, ಪಾಠ ಹೇಳುವವರಿಗೆ ಅವನ ಹೆಸರೇ ಕಡೆಯವರೆಗೆ ತಿಳಿದಿರಲಿಲ್ಲವಂತೆ. ಹಣವನ್ನು ಮಾತ್ರ ಮೊದಲೇ ಕಟ್ಟಿಸಿಕೊಂಡಿದ್ದರು. ಆಚಾರ್ಯನನ್ನು ಪರೀಕ್ಷಿಸುವ ಅಧಿಕಾರವು ತನಗುಂಟೆಂದು ಆ ಹುಡುಗನಿಗಾಗಲಿ ಅವನ ತಂದೆಗಾಗಲಿ ಯಾರೂ ಹೇಳಿರಲಿಲ್ಲ. ಹೇಳಬಹುದಾಗಿದ್ದ ನಾನೂ ಹೇಳಲಿಲ್ಲ.

ಅಧ್ಯಯನದ ಕ್ರಮವನ್ನೂ ಅಲ್ಲಿಯೇ ಹೇಳಿದೆ. ಬೆಳಗಿನ ಜಾವದಲ್ಲಿ, ಅಥವಾ ಅದಕ್ಕೂ ಸ್ವಲ್ಪ ಮುಂಚೆ ಎದ್ದು, ಶೌಚಾದಿಗಳನ್ನು ಮುಗಿಸಿ, ಸಮವಾದ ಶುಚಿಯಾದ ಸ್ಥಳದಲ್ಲಿ ಸುಖವಾಗಿ ಕುಳಿತು, ಮನಸ್ಸಿಟ್ಟ ವಾಕ್ಕಿನಿಂದ ಸೂತ್ರವನ್ನು ಮರಳಿ ಮರಳಿ ಅನುಸಂಧಾನ ಮಾಡಬೇಕು. ಮಧ್ಯಾಹ್ನ, ಅಪರಾಹ್ಣ, ರಾತ್ರಿಗಳಲ್ಲಿಯೂ ಹಾಗೆಯೇ. ಉದ್ದೇಶವು ತನ್ನ ದೋಷವನ್ನು ಕಳೆದುಕೊಳ್ಳುವುದು ಮತ್ತು ಪರರ ದೋಷವನ್ನು ಗುರುತಿಸುವುದು. ಕಂಠಪಾಠವೊಂದೇ ಸಾಲದೆಂಬುದಕ್ಕೆ ಸುಶ್ರುತನ ಮಾತು ಪ್ರಸಿದ್ಧವಾಗಿದೆ: ಅರ್ಥವರಿಯದೆ ಬಹುಶಾಸ್ತ್ರವನ್ನೋದಿದವನನ್ನು ಗಂಧದ ಹೊರೆ ಹೊತ್ತ ಕತ್ತೆಗೆ ಅವನು ಹೋಲಿಸುತ್ತಾನೆ. ಅದಕ್ಕೆ ಭಾರದ ಅರಿವುಂಟು, ಗಂಧದ ಅರಿವಿಲ್ಲ.

ಇಷ್ಟಾದ ಮೇಲೆ ಆಚಾರ್ಯನು ಶಿಷ್ಯನನ್ನು ಪರೀಕ್ಷಿಸುವ ಸರದಿ. ಮೇಧೆ, ಸ್ಮೃತಿ, ಊಹಶಕ್ತಿ, ಧೈರ್ಯ, ಅಲೋಭ, ಅನಾಲಸ್ಯ, ಸರ್ವಭೂತಹಿತೈಷಿತ್ವ ಇವೆಲ್ಲವೂ ಬೇಕು. ಇವುಗಳ ಜೊತೆಗೆ ನೆಟ್ಟಗಿರುವ ಮೂಗು, ತೆಳುವಾದ ಕೆಂಪು ನಾಲಗೆ, ವಿಕಾರವಿಲ್ಲದ ಹಲ್ಲುತುಟಿಗಳನ್ನೂ ಎಣಿಸಿದ್ದಾರೆ. ಸ್ಫುಟವಾದ ಉಚ್ಚಾರಣೆಗೆ ನಾಲಗೆ ತುಟಿಗಳು ಬೇಕೆಂದು ಸಮಾಧಾನ ಹೇಳಬಹುದಾದರೂ ಮೂಗಿಗೆ ಸಮಾಧಾನ ಕಾಣೆನು. ಸುಶ್ರುತನ ಶಿಷ್ಯೋಪನಯನೀಯಾಧ್ಯಾಯದಲ್ಲಿ ಉಪನಯನವು ತ್ರೈವರ್ಣಿಕರಿಗೆ. ಕುಲಗುಣಸಂಪನ್ನನಾದ ಶೂದ್ರನಿಗೂ ಮಂತ್ರವಿಲ್ಲದೆ, ಉಪನಯನವಿಲ್ಲದೆ ಪಾಠ ಹೇಳಬಹುದೆಂಬುದು ಕೆಲವರ ಮತವೆಂದು ಸೇರಿಸಿದೆ. ಚರಕದ ಸೂತ್ರಸ್ಥಾನದಲ್ಲಿ ಮೂರು ವರ್ಣಗಳನ್ನು ಹೇಳಿ, ಸಾಮಾನ್ಯವಾಗಿ ಎಲ್ಲರೂ ಧರ್ಮಾರ್ಥಕಾಮಗಳಿಗಾಗಿ ಓದಬಹುದೆಂದೂ ಇದೆ. ಸ್ತ್ರೀಯರ ಮಾತೇ ಇಲ್ಲ. ಹಳೆಯದನ್ನು ಹೊಗಳುವ ಉತ್ಸಾಹದಲ್ಲಿ ಈ ಭಾಗವನ್ನು ಮುಚ್ಚಿಡುವುದು ಪಂಡಿತಧರ್ಮವಲ್ಲ. ಇಂದಿನ ಪರೀಕ್ಷೆಯು ಅರ್ಜಿ ಹಾಕಿದ ಹುಡುಗಿಯ ಕುಲವನ್ನೂ ಮೂಗನ್ನೂ ನೋಡಿ ಹಿಂದಕ್ಕೆ ಕಳುಹಿಸುವುದಿಲ್ಲ. ಆ ಅಂಶದಲ್ಲಿ ಅದೇ ಮೇಲು.

ಪ್ರವೇಶವಾದೊಡನೆ ಪರೀಕ್ಷೆ ಮುಗಿಯುತ್ತಿರಲಿಲ್ಲ. ಶಸ್ತ್ರಕರ್ಮದ ಅಭ್ಯಾಸಕ್ಕೆ ಸುಶ್ರುತನು ಯೋಗ್ಯಾ ಎಂಬ ಹೆಸರಿಟ್ಟು ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಕುಂಬಳ, ಸೋರೆ, ಸೌತೆಗಳ ಮೇಲೆ ಛೇದನ. ನೀರುಕೆಸರು ತುಂಬಿದ ಚರ್ಮದ ಚೀಲದ ಮೇಲೆ ಭೇದನ. ಕೂದಲುಳ್ಳ ತೊಗಲಿನ ಮೇಲೆ ಲೇಖನ. ಸತ್ತ ಪಶುವಿನ ಸಿರೆ ಮತ್ತು ತಾವರೆಯ ನಾಳಗಳಲ್ಲಿ ವೇಧನ. ಹುಳು ತಿಂದ ಮರದಲ್ಲಿ ಏಷಣ. ಬಟ್ಟೆಯ ಅಂಚಿನಲ್ಲಿ ಹೊಲಿಗೆ. ಗೊಂಬೆಯ ಅಂಗಾಂಗಗಳಿಗೆ ಪಟ್ಟಿ ಕಟ್ಟುವಿಕೆ. ಸರ್ವಶಾಸ್ತ್ರವನ್ನು ಓದಿದವನೂ ಯೋಗ್ಯಾ ಇಲ್ಲದಿದ್ದರೆ ಕರ್ಮಕ್ಕೆ ಅಯೋಗ್ಯನೆಂದು ಅವನ ಮತ. ಶಾಸ್ತ್ರ ಕರ್ಮಗಳಲ್ಲಿ ಒಂದನ್ನೇ ಬಲ್ಲವನು ಒಂದೇ ರೆಕ್ಕೆಯ ಹಕ್ಕಿ. ಎರಡನ್ನೂ ಕಲಿತವನು ಕೂಡ ರಾಜನ ಅನುಜ್ಞೆಯನ್ನು ಪಡೆದೇ ಬೀದಿಗಿಳಿಯಬೇಕು.

ವಿದ್ಯೆಯ ಕೊನೆಯ ಪರೀಕ್ಷೆಗೆ ಪಾಲಿಯ ಮಹಾವಗ್ಗದಲ್ಲಿ ಬರುವ ಜೀವಕನ ಕಥೆ ಸುಪರಿಚಿತ. ತಕ್ಷಶಿಲೆಯಲ್ಲಿ ಏಳು ವರ್ಷ ಓದಿದ ಜೀವಕನಿಗೆ ಆಚಾರ್ಯನು ಗುದ್ದಲಿಯೊಂದನ್ನು ಹಿಡಿಸಿ, ಸುತ್ತಲಿನ ಒಂದು ಯೋಜನದಲ್ಲಿ ಔಷಧವಲ್ಲದುದನ್ನು ಕಂಡರೆ ತರಹೇಳಿದನು. ಬರಿಗೈಯಲ್ಲಿ ಹಿಂದಿರುಗಿದವನು ತೇರ್ಗಡೆಯಾದನು. ನಾಲಂದೆಯ ರೀತಿ ಬೇರೆ. ಚಿಕಿತ್ಸಾವಿದ್ಯೆಯನ್ನೂ ಓದಿಸುತ್ತಿದ್ದ ಆ ಮಹಾವಿಹಾರದ ಬಾಗಿಲಲ್ಲಿಯೇ ಕಠಿನ ಪ್ರಶ್ನೆಗಳನ್ನು ಕೇಳುತ್ತಿದ್ದರೆಂದೂ, ಹತ್ತು ಜನರಲ್ಲಿ ಏಳೆಂಟು ಜನ ಹಿಂದಿರುಗುತ್ತಿದ್ದರೆಂದೂ ಏಳನೆಯ ಶತಮಾನದ ಯಾತ್ರಿಕ ಹ್ಯುಯೆನ್ ತ್ಸಾಂಗನು ಬರೆದಿದ್ದಾನೆ. ನಮ್ಮ ಹುಡುಗನಿಗೆ ಈ ಸಂಗತಿಯನ್ನು ಹೇಳಿದಾಗ ಅವನು ಮೊದಲ ಬಾರಿಗೆ ನಕ್ಕನು.

ಇನ್ನು ಮೊದಲಿನ ಅಧ್ಯಾಯಕ್ಕೆ ಹಿಂದಿರುಗೋಣ. ಅದರಲ್ಲಿಯೇ, ಶಿಷ್ಯನು ಅಗ್ನಿಯ ಮುಂದೆ ಸ್ವೀಕರಿಸಬೇಕಾದ ಅನುಶಾಸನವೂ ಇದೆ. ರೋಗಿಯ ಆರೋಗ್ಯಕ್ಕಾಗಿ ಹಗಲಿರುಳು ಸರ್ವಾತ್ಮನಾ ಯತ್ನಿಸುವುದು, ಜೀವಿಕೆಗಾಗಿಯೂ ರೋಗಿಗೆ ದ್ರೋಹ ಬಗೆಯದಿರುವುದು, ಮನೆಯೊಳಗಿನ ಸಂಗತಿಯನ್ನು ಹೊರಗೆ ಹೇಳದಿರುವುದು ಅದರಲ್ಲಿ ಸೇರಿವೆ. ಇದರ ಮಾರ್ಪಡಿಸಿದ ರೂಪವನ್ನು ಚರಕಶಪಥವೆಂಬ ಹೆಸರಿನಿಂದ ೨೦೨೨ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಆಧುನಿಕ ವೈದ್ಯವಿದ್ಯಾರ್ಥಿಗಳಿಗೂ ಶಿಫಾರಸು ಮಾಡಿತು. ಅಧ್ಯಾಯದ ಮಧ್ಯಭಾಗವನ್ನು ಎತ್ತಿಕೊಂಡವರು ಅದರ ಮೊದಲ ವಾಕ್ಯವನ್ನು ಬಿಟ್ಟರು. ಶಿಷ್ಯನಿಂದ ಪ್ರತಿಜ್ಞೆ ಪಡೆಯುವ ಆಯೋಗಗಳುಂಟು; ಶಿಷ್ಯನ ಪರೀಕ್ಷೆಗೆ ತಾವು ಒಳಗಾಗುವ ಆಚಾರ್ಯರೆಲ್ಲಿ?

ಸುಶ್ರುತದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ಅಗ್ನಿಸಾಕ್ಷಿಯಾಗಿ ಶಿಷ್ಯನಿಗೆ ನಿಯಮಗಳನ್ನು ವಿಧಿಸಿದ ಮೇಲೆ ಆಚಾರ್ಯನು ತಾನೇ ಮಾತು ಕೊಡುತ್ತಾನೆ: ನೀನು ಸರಿಯಾಗಿ ನಡೆದುಕೊಂಡಿದ್ದರೂ ನಾನು ನಿನ್ನನ್ನು ಅನ್ಯಥಾ ಕಂಡರೆ ಪಾಪಭಾಗಿಯಾಗುವೆನು, ನನ್ನ ವಿದ್ಯೆಯು ನಿಷ್ಫಲವಾಗಲಿ ಎಂದು ಅದರ ತಾತ್ಪರ್ಯ. ೨೦೨೪ರ ಮೇ ತಿಂಗಳ ಪರೀಕ್ಷೆಯಲ್ಲಿ ಹಜಾರಿಬಾಗ್ ಮತ್ತು ಪಟ್ನಾಗಳಲ್ಲಿ ಪ್ರಶ್ನೆಪತ್ರಿಕೆ ಸೋರಿತೆಂಬುದನ್ನು ಸರ್ವೋಚ್ಚ ನ್ಯಾಯಾಲಯವೇ ಒಪ್ಪಿತು. ಆದರೂ ಇಡೀ ಪರೀಕ್ಷೆ ಕೆಟ್ಟಿತೆನ್ನಲು ಸಾಕಷ್ಟು ಆಧಾರವಿಲ್ಲವೆಂದು ಮರುಪರೀಕ್ಷೆಗೆ ಆಜ್ಞೆ ಮಾಡಲಿಲ್ಲ. ಆ ವಾರ್ತೆಯನ್ನು ಓದಿದ ದಿನ ನನಗೆ ಸುಶ್ರುತನ ಆಚಾರ್ಯನ ಈ ಮಾತು ತಿಳಿದಿರಲಿಲ್ಲ.

ಹುಡುಗನಿಗೆ ಈಗ ತಿದ್ದಿದ ಉತ್ತರವನ್ನು ಹೇಳಿದ್ದೇನೆ. ಕಾರ್ಯದ ಗುರುಲಾಘವ ಎಂದರೇನೆಂದು ಅವನು ಎರಡು ಬಾರಿ ಕೇಳಿದನು. ಮೂರನೆಯ ಬಾರಿ ಪರೀಕ್ಷೆಗೆ ಕುಳಿತುಕೊಳ್ಳಬೇಕೆ ಬೇಡವೆ ಎಂಬುದನ್ನು ತಾನೇ ನಿಶ್ಚಯಿಸುವೆನೆಂದು ಹೇಳಿ ಹೋಗಿದ್ದಾನೆ.