ವರದೆಯ ಕಾನು, ತುಂಗಭದ್ರೆಯ ಕಾಲುವೆ

ಕೊಪ್ಪಳ ಸೀಮೆಯಲ್ಲಿ ಮಳೆಕಾಡು ಇಲ್ಲ. ವರ್ಷದ ಮಳೆ 600 ಮಿ.ಮೀ. ಆಸುಪಾಸು, ಕುಷ್ಟಗಿ, ಯಲಬುರ್ಗಾ ಕಡೆ ಅದೂ ಕೈಕೊಡುವುದುಂಟು. ಆದರೂ ಹಿಟ್ನಾಳದ ನೆರೆಯ ಮುನಿರಾಬಾದ್‌ನಿಂದ ಹೊರಡುವ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಜಾಡು ಹಿಡಿದು ಮೇಲಕ್ಕೆ ಹೋದರೆ ತಲುಪುವುದು ಪಶ್ಚಿಮಘಟ್ಟದ ದಟ್ಟ ಹಸಿರಿಗೇ. ತುಂಗಾ, ಭದ್ರಾ ನದಿಗಳು ಗಂಗಾಮೂಲದಲ್ಲಿ ಹುಟ್ಟುವುದು ಎಲ್ಲರಿಗೂ ಗೊತ್ತು. ಸಾಗರದ ಬಳಿಯ ವರದಾಮೂಲದಲ್ಲಿ ಹುಟ್ಟಿ, ಸೊರಬ ಸೀಮೆಯ ಹಳ್ಳಗಳನ್ನು ಕೂಡಿಸಿಕೊಂಡು, ಬನವಾಸಿಯನ್ನು ಬಳಸಿ, ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುವ ವರದೆಯ ಕಡೆಗೆ ಗಮನ ಹೋಗುವುದು ಕಡಿಮೆ. ಈ ಲೇಖನ ಹಿಡಿದಿರುವುದು ಆ ದಾರಿಯನ್ನು.

ಸೊರಬ, ಸಾಗರ, ಸಿದ್ದಾಪುರಗಳ ಜನ ‘ಕಾನು’ ಎನ್ನುವುದು ಬರಿಯ ಕಾಡಿಗಲ್ಲ. ಸುತ್ತ ಎಲೆ ಉದುರುವ ಕಾಡು, ಬೇಣ, ಗದ್ದೆಗಳಿರುವಾಗ ನಡುವೆ ವರ್ಷವಿಡೀ ಹಸಿರಾಗಿ ಉಳಿಯುವ, ಊರಿನವರು ತಲೆಮಾರುಗಳಿಂದ ಕಾಯ್ದುಕೊಂಡು ಬಂದ ತುಂಡು ಅದು. ಕಾನಿನೊಳಗೆ ಚೌಡಮ್ಮ, ಭೂತಪ್ಪ ಎಂಬ ದೈವಗಳಿವೆ. ಮರಗಳಿಗೆ ಹಬ್ಬಿದ ಕಾಳುಮೆಣಸು, ಬಗನಿ, ದಾಲ್ಚಿನ್ನಿ, ರಾಮಪತ್ರೆ, ಉಪ್ಪಾಗೆ ಇವೆ. ಕಾನು ತಲೆಯಲ್ಲಿ, ಅದರ ಕೆಳಗೆ ಕೆರೆ, ಕೆರೆಯ ಕೆಳಗೆ ಅಡಿಕೆ ತೋಟ ಮತ್ತು ಗದ್ದೆ: ಮಲೆನಾಡಿನ ಎಷ್ಟೋ ಊರುಗಳ ರಚನೆಯೇ ಹೀಗೆ. ತೋಟಕ್ಕೆ ಬೇಕಾದ ಸೊಪ್ಪಿಗೆ ಸೊಪ್ಪಿನಬೆಟ್ಟ ಬೇರೆಯೇ ಇತ್ತು; ಕಾನಿನ ದರಗು ಕಾನಿನಲ್ಲೇ ಕೊಳೆತು ನೀರು ಹಿಡಿಯುತ್ತಿತ್ತು.

1800-01ರಲ್ಲಿ ಕೆನರಾ ಸೀಮೆಯಲ್ಲಿ ಸಂಚರಿಸಿದ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್‌ಗೆ ಕಾಡು ಊರದೇವರ ಆಸ್ತಿ ಎಂಬ ಮಾತು ಕೇಳಿಬಂತು. ಸರ್ಕಾರ ಹಕ್ಕು ಸ್ಥಾಪಿಸದಂತೆ ಜನ ಹೂಡಿದ ಉಪಾಯ ಇದು ಎಂದು ಅವನು ಬರೆದುಕೊಂಡ. ಈ ಅನುಮಾನವೇ ಮುಂದಿನ ಅರಣ್ಯನೀತಿಯ ಧೋರಣೆಯಾಯಿತು. ಆದರೆ ಅದೇ ಬ್ರಿಟಿಷ್ ಆಡಳಿತದ ಕಡತಗಳಲ್ಲಿ ಬೇರೆ ಸಾಕ್ಷ್ಯವೂ ಇದೆ. 1868ರಲ್ಲಿ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ ಸೊರಬ ತಾಲ್ಲೂಕೊಂದರಲ್ಲೇ 171 ಕಾನುಗಳನ್ನು ದಾಖಲಿಸಿದರು. ವಿಸ್ತಾರ ಸುಮಾರು 13,000 ಹೆಕ್ಟೇರ್. 1888ರಲ್ಲಿ ಉತ್ತರ ಕನ್ನಡದ ಅರಣ್ಯ ಅಧಿಕಾರಿ ವಿಂಗೇಟ್, ಕಾನುಗಳಿಂದಲೇ ಒರತೆಗಳೂ ಬತ್ತದ ತೊರೆಗಳೂ ಉಳಿದಿವೆ, ತೋಟಗಳಿಗೆ ನೆರಳೂ ತೇವವೂ ಸಿಗುತ್ತಿವೆ ಎಂದು ಗುರುತಿಸಿದ. ಊರಿನವರು ದೇವರ ಹೆಸರಿನಲ್ಲಿ ಹೇಳಿದ್ದನ್ನೇ ಅಧಿಕಾರಿ ಜಲದ ಲೆಕ್ಕದಲ್ಲಿ ಹೇಳಿದ್ದ. ನಮ್ಮ ಕಾಲದಲ್ಲಿ ಪರಿಸರ ವಿಜ್ಞಾನಿಗಳಾದ ಮಾಧವ ಗಾಡ್ಗೀಳ್ ಮತ್ತು ಎಂ.ಡಿ. ಸುಭಾಷ್ ಚಂದ್ರನ್ ಕಾನುಗಳ ಈ ಚರಿತ್ರೆಯನ್ನು ಮತ್ತೆ ಬೆಳಕಿಗೆ ತಂದರು.

ಜ್ಞಾನ ಕಾನಿನೊಳಗಷ್ಟೇ ಇರಲಿಲ್ಲ, ಮನೆಯ ಗೋಡೆಯ ಮೇಲೂ ಇತ್ತು. ಇದೇ ಸೀಮೆಯ ದೀವರ ಸಮುದಾಯದ ಹೆಂಗಸರು ಬರೆಯುವ ಹಸೆ ಚಿತ್ತಾರಕ್ಕೆ ಕೆಮ್ಮಣ್ಣು, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿನಾರಿನ ಕುಂಚ ಬೇಕು. ಆಶ್ವಯುಜದ ಭೂಮಿ ಹುಣ್ಣಿಮೆಯಂದು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಗದ್ದೆಗೆ ಚರಗ ಒಯ್ಯುತ್ತಾರೆ. ಬಸುರಿಯಾದ ಭೂಮಿಗೆ ಬಯಕೆಯ ಊಟ ಅದು. ಅದರಲ್ಲಿ ಬೇಯುವ ಬಗೆಬಗೆಯ ಸೊಪ್ಪುಗಳನ್ನು ಹುಡುಕಿ ತರಬೇಕಾದರೆ ಅವು ಬೆಳೆಯುವ ಜಾಗ, ಅವುಗಳ ಗುಣ ಗೊತ್ತಿರಬೇಕು. ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಸಸ್ಯಗಳ ಗುರುತನ್ನು ಹೊಸದು ಮಾಡಿಕೊಳ್ಳುವ ಏರ್ಪಾಟು ಇದು ಎನ್ನಬೇಕು. ಅದೇ ಹುಣ್ಣಿಮೆ ಕೊಪ್ಪಳದ ಕಡೆ ಸೀಗೆ ಹುಣ್ಣಿಮೆ. ಇಲ್ಲೂ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ ಚರಗ ಚೆಲ್ಲುತ್ತಾರೆ. ನದಿಯ ಎರಡು ಕೊನೆಗಳ ಒಕ್ಕಲುತನ ಒಂದೇ ದಿನ ಒಂದೇ ನಂಬಿಕೆಯನ್ನು ಆಚರಿಸುತ್ತದೆ.

ಇಪ್ಪತ್ತನೆಯ ಶತಮಾನ ಕಾನುಗಳಿಗೆ ಕ್ರೂರವಾಗಿತ್ತು. ಪ್ಲೈವುಡ್‌ಗೆ, ಬೆಂಕಿಕಡ್ಡಿಗೆ ಮರ ಹೋಯಿತು, ಒತ್ತುವರಿಯಾಯಿತು. ಭದ್ರಾವತಿಯ ಕಾಗದ ಕಾರ್ಖಾನೆಗೆ 1980ರಲ್ಲಿ 40 ವರ್ಷಗಳ ಗುತ್ತಿಗೆಗೆ ಕೊಟ್ಟ ಶಿವಮೊಗ್ಗ ಜಿಲ್ಲೆಯ ನೆಲದಲ್ಲಿ ಅಕೇಶಿಯಾ ಎದ್ದಿತು. ಉಪ್ಪಾಗೆಗೆ ಪರದೇಶದಲ್ಲಿ ಬೆಲೆ ಬಂದಾಗ ಸಿಪ್ಪೆ ಒಣಗಿಸುವುದಕ್ಕೇ ರಾಶಿ ಸೌದೆ ಉರಿಯಿತು. ಕಾಡು ಕಾಯುವ ಹಕ್ಕೂ ಎಲ್ಲರಿಗೂ ಒಂದೇ ಸಮನಾಗಿ ಸಿಗಲಿಲ್ಲ. ನೆಲ್ಲಿಕಾಯಿ, ಜೇನು ಕೊಯ್ಯುವ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಆದರೆ ದೀವರು ಸೋಲಿಗರಂತೆ ಪರಿಶಿಷ್ಟ ಪಂಗಡದವರಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅವರು 75 ವರ್ಷಗಳ ನೆಲೆಯನ್ನು ರುಜುವಾತು ಮಾಡಬೇಕು. 1868ರ ಪಟ್ಟಿ ಇರುವಾಗ ಕಾನಿನ ಊರುಗಳನ್ನು ಸಾಕ್ಷ್ಯಕ್ಕಾಗಿ ಅಲೆದಾಡಿಸುವುದು ಅನ್ಯಾಯ.

ನದಿಯ ಕೆಳಗಿನ ಲೆಕ್ಕ ಕೊಪ್ಪಳ, ಗಂಗಾವತಿಯ ರೈತರಿಗೆ ಬಾಯಿಪಾಠ. 1953ರಲ್ಲಿ ಮುಗಿದ ತುಂಗಭದ್ರಾ ಜಲಾಶಯಕ್ಕೆ ಮೊದಲು 133 ಟಿಎಂಸಿ ಹಿಡಿಯುವ ಶಕ್ತಿ ಇತ್ತು. ಹೂಳು ತುಂಬಿ ಈಗ ಸುಮಾರು 105.8 ಟಿಎಂಸಿ. ಹೂಳಿಗೆ ಗಣಿಯೂ ಉಳುಮೆಯೂ ಕಾರಣ, ಕಾನು ಕಡಿದದ್ದೊಂದೇ ಅಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್‌ಗೇಟಿನ ಸರಪಳಿ ತುಂಡಾದಾಗ ಭತ್ತದ ನಾಡೆಲ್ಲ ಆತಂಕಪಟ್ಟಿತು. ಗೇಟಿಗೆ, ಕಾಲುವೆಗೆ, ಹೂಳಿಗೆ ಹಣದ ಮಾತು ನಡೆಯುತ್ತದೆ. ನೀರಾವರಿ ಸಲಹಾ ಸಮಿತಿಯ ಸಭೆಗಳು ಒಳಹರಿವಿನಿಂದ ಆರಂಭವಾಗಿ ಹೊರಹರಿವಿನಲ್ಲಿ ಮುಗಿಯುತ್ತವೆ. ಆ ಸಭೆಯ ಕಾರ್ಯಸೂಚಿಗೆ ವರದೆಯ ಮೇಲಿನ ಕಾನುಗಳೂ ಸೇರಬೇಕು. ಮೊದಲ ಹೆಜ್ಜೆ ಕಷ್ಟದ್ದೇನಲ್ಲ: ಆ 171 ಹೆಸರುಗಳನ್ನು ಇಂದಿನ ಸರ್ವೆ ನಂಬರುಗಳಿಗೆ ಹೊಂದಿಸಿ, ಉಳಿದಿರುವುದೆಷ್ಟು ಎಂದು ಅಳೆದು, ಕಾಯುವ ಅಧಿಕಾರವನ್ನು ಆಯಾ ಗ್ರಾಮಸಭೆಗಳಿಗೆ ಬರೆದುಕೊಡುವುದು.