ಮೇ 4ರ ರಾತ್ರಿ ಶ್ರೀರಂಗಪಟ್ಟಣದ ಜನಕ್ಕೆ ಏನಾಯ್ತು?

ಟಿಪ್ಪು ಸುಲ್ತಾನ್ ಹೆಸರು ಬಂದ ತಕ್ಷಣ ನಮ್ಮಲ್ಲಿ ಎರಡು ಗುಂಪಾಗುತ್ತೆ. ಒಂದಕ್ಕೆ ಅವನು ಹೀರೋ, ಇನ್ನೊಂದಕ್ಕೆ ವಿಲನ್. ಇವತ್ತು ನಾನು ಆ ಜಗಳಕ್ಕೆ ಕೈ ಹಾಕಲ್ಲ. ಅವನು ಸತ್ತ ಮೇಲಿನ ಕೆಲವು ಗಂಟೆಗಳ ಬಗ್ಗೆ ಮಾತಾಡ್ತೀನಿ. ಯಾಕಂದ್ರೆ ಆ ರಾತ್ರಿ ಊರಿನ ಜನಕ್ಕೆ ಏನಾಯ್ತು ಅಂತ ಎರಡೂ ಗುಂಪಿನವರು ಕೇಳೋದು ಕಮ್ಮಿ.

1799ರ ಮೇ 4, ಶನಿವಾರ. ಮಧ್ಯಾಹ್ನ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಕಾವೇರಿ ದಾಟಿ, ಫಿರಂಗಿ ಏಟಿಗೆ ಒಡೆದಿದ್ದ ಕೋಟೆ ಗೋಡೆ ಹತ್ತಿತು. ಮುಂದೆ ಇದ್ದವನು ಜನರಲ್ ಬೇರ್ಡ್. ಹಿಂದೊಮ್ಮೆ ಇದೇ ಊರಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದವನು. ಜೊತೆಗೆ ಹೈದರಾಬಾದ್ ನಿಜಾಮನ ಪಡೆಯೂ ಇತ್ತು. ಗೋರಾಗಳಷ್ಟೇ ಅಲ್ಲ, ನಮ್ಮ ದೇಶದ ಸಿಪಾಯಿಗಳೂ ಸಾವಿರಗಟ್ಟಲೆ ಇದ್ದರು, ಅದನ್ನ ಮರೆಯೋ ಹಾಗಿಲ್ಲ. ಸಂಜೆಯೊಳಗೆ ಕೋಟೆ ಬಿತ್ತು. ರಾತ್ರಿ ದೀಪ ಹಿಡಿದು ಹುಡುಕಿದಾಗ ಹೆಣಗಳ ರಾಶಿಯಲ್ಲಿ ಟಿಪ್ಪು ಶವ ಸಿಕ್ಕಿತು. ಯುದ್ಧ ಮುಗೀತು.

ಊರಿನ ಜನಕ್ಕೆ ಮುಗೀಲಿಲ್ಲ. ಗೆದ್ದವರು ಮನೆ ಮನೆಗೆ ನುಗ್ಗಿದರು. ಇದನ್ನ ಹೇಳ್ತಿರೋದು ಟಿಪ್ಪು ಕಡೆಯವರಲ್ಲ, ಗೆದ್ದ ಸೈನ್ಯದ ಅಧಿಕಾರಿ ಆರ್ಥರ್ ವೆಲ್ಲೆಸ್ಲಿ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನ ಸೋಲಿಸಿದವನು. ಗವರ್ನರ್ ಜನರಲ್ ಆಗಿದ್ದ ಅಣ್ಣನಿಗೆ ಅವನು ಕೆಲವೇ ದಿನಗಳಲ್ಲಿ ಪತ್ರ ಬರೆದ. ಊರಲ್ಲಿ ಲೂಟಿಯಾಗದ ಮನೆ ಸಿಗೋದೇ ಕಷ್ಟ, ಬೆಲೆಬಾಳೋ ಒಡವೆ, ಚಿನ್ನದ ಗಟ್ಟಿ ಎಲ್ಲಾ ಸೈನಿಕರು ಕ್ಯಾಂಪಿನ ಬಜಾರಲ್ಲಿ ಮಾರ್ತಿದ್ದಾರೆ ಅನ್ನೋದು ಅದರ ಸಾರ. ಮಾರನೇ ದಿನ ಅಧಿಕಾರ ವಹಿಸಿಕೊಂಡ ವೆಲ್ಲೆಸ್ಲಿ ನಾಲ್ವರನ್ನು ನೇಣಿಗೆ ಹಾಕಿಸಿದ, ಹಲವರಿಗೆ ಚಾಟಿ ಏಟು ಕೊಡಿಸಿದ. ಆಮೇಲಷ್ಟೇ ಊರು ತಣ್ಣಗಾಯ್ತು.

ಹಾಗಾದ್ರೆ ಲೂಟಿ ನಿಂತಿತಾ? ಇಲ್ಲ, ಅದಕ್ಕೊಂದು ಲೆಕ್ಕದ ಪುಸ್ತಕ ಬಂತು. ನಾನು ಕಾಮರ್ಸ್ ಓದಿದವನು, ಈ ಕಥೆಯಲ್ಲಿ ನನ್ನನ್ನ ಹಿಡಿದು ನಿಲ್ಲಿಸಿದ್ದು ಇದೇ ಭಾಗ. ಅರಮನೆಯ ಖಜಾನೆ, ಆಭರಣ ಎಲ್ಲವನ್ನೂ ಎಣಿಸಿ, ಬೆಲೆ ಕಟ್ಟಿ ಹಂಚೋಕೆ ಒಂದು ಸಮಿತಿ ಮಾಡಿದರು. ಒಟ್ಟು 11 ಲಕ್ಷ ಪೌಂಡ್‌ಗೂ ಹೆಚ್ಚು. ಸೇನಾಪತಿ ಜನರಲ್ ಹ್ಯಾರಿಸ್‌ಗೆ 1,42,902 ಪೌಂಡ್. ಸಾಮಾನ್ಯ ಬ್ರಿಟಿಷ್ ಸೈನಿಕನಿಗೆ ಸುಮಾರು 7 ಪೌಂಡ್. ನಮ್ಮ ಸಿಪಾಯಿಗೆ ಇನ್ನೂ ಕಮ್ಮಿ, ಸುಮಾರು 5. ಹ್ಯಾರಿಸ್ ಆ ದುಡ್ಡಲ್ಲಿ ಇಂಗ್ಲೆಂಡಿನ ಕೆಂಟ್‌ನಲ್ಲಿ ಬೆಲ್ಮಾಂಟ್ ಅನ್ನೋ ಎಸ್ಟೇಟ್ ಕೊಂಡ.

ಅಂದ್ರೆ, ರಾತ್ರಿ ಕತ್ತಲಲ್ಲಿ ಬಳೆ ಕಿತ್ತುಕೊಂಡವನು ಕಳ್ಳ, ಅವನಿಗೆ ನೇಣು. ಹಗಲಲ್ಲಿ ಮೇಜು ಹಾಕಿಕೊಂಡು ಹಂಚಿಕೊಂಡರೆ ಅದು ಬಹುಮಾನ, ಸಹಿ ಹಾಕಿ ತಗೊಳ್ಳಬಹುದು. ಬಾಗಿಲು ಮುರಿಸಿಕೊಂಡ ಮನೆಯವರಿಗೆ ಆ ಹಂಚಿಕೆಯಲ್ಲಿ ಒಂದು ಸಾಲೂ ಇಲ್ಲ.

ಟಿಪ್ಪು ಸಿಂಹಾಸನವನ್ನೂ ಹಂಚೋಕೆ ಅಂತ ತುಂಡು ತುಂಡು ಮಾಡಿದರು. 2021ರಲ್ಲಿ ಅದರ ಒಂದು ಹುಲಿ ತಲೆ ಮಾರಾಟಕ್ಕೆ ಬಂದಾಗ ಬೆಲೆ 15 ಲಕ್ಷ ಪೌಂಡ್. ಅದು ದೇಶ ಬಿಟ್ಟು ಹೋಗಬಾರದು ಅಂತ ಬ್ರಿಟನ್ ಸರ್ಕಾರ ರಫ್ತಿಗೆ ತಾತ್ಕಾಲಿಕ ತಡೆ ಹಾಕಿತು. ಯಾವ ದೇಶ ಬಿಟ್ಟು ಅಂತ ನೀವೇ ಯೋಚನೆ ಮಾಡಿ.

‘ಟಿಪ್ಪು ಏನು ಕಮ್ಮಿ ಮಾಡಿದ್ನಾ, ಕೊಡಗು, ಮಲಬಾರಿನವರನ್ನ ಕೇಳಿ’ ಅಂತ ಕೆಲವರು ಕಾಮೆಂಟ್ ಹಾಕ್ತೀರ, ಗೊತ್ತು. ಕೇಳಲೇಬೇಕು, ಅವರ ನೋವು ನಿಜ. ಆದ್ರೆ ರಾಜನ ತಪ್ಪಿನ ಬಿಲ್ಲನ್ನ ಶ್ರೀರಂಗಪಟ್ಟಣದ ನೇಕಾರನ ಮನೆಗೋ ಬಳೆಗಾರನ ಮನೆಗೋ ಯಾಕೆ ಕಳಿಸಬೇಕು? ಬೇರ್ಡ್ ಸೆರೆಯಲ್ಲಿ ನರಳಿದ್ದೂ ನಿಜವೇ, ಅವನ ಕಾಲಿಗೆ ಕೋಳ ಹಾಕಿದ್ದು ಆ ಮನೆಯವರಲ್ಲ.

ಮುಂದಿನ ಸಲ ಅಲ್ಲಿಗೆ ಹೋದ್ರೆ ರಂಗನಾಥನ ಗುಡಿ, ಗುಂಬಜ್ ನೋಡಿ, ಫೋಟೋ ತಗೊಳ್ಳಿ. ಕೋಟೆಯೊಳಗಿನ ಬೀದಿಗಳಲ್ಲೂ ಒಂದು ಸುತ್ತು ನಡೀರಿ. ಅಲ್ಲಿ ಬಾಳಿದವರ ಹೆಸರು ಯಾವ ಫಲಕದಲ್ಲೂ ಸಿಗಲ್ಲ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.