ತರಬೇತಿ ವಿಮಾನ ನೆಲ ಮುಟ್ಟುವ ವೇಗ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಎತ್ತರ ಕುರಿತ ಟಿಪ್ಪಣಿ

1. ಪ್ರಕರಣ ಮತ್ತು ಪದ

2023ರ ಮೇ 30ರಂದು ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಹಾರಿದ ರೆಡ್‌ಬರ್ಡ್ ಸಂಸ್ಥೆಯ ತರಬೇತಿ ವಿಮಾನವೊಂದು ತಾಂತ್ರಿಕ ದೋಷದಿಂದ ಹೊನ್ನಿಹಾಳದ ಬಳಿ ಹೊಲದಲ್ಲಿ ಇಳಿಯಿತು. ಒಳಗಿದ್ದ ಇಬ್ಬರಿಗೆ ಸಣ್ಣಪುಟ್ಟ ಗಾಯಗಳಾದವು. ಇಂಥ ಸುದ್ದಿಗಳಲ್ಲಿ ‘ತುರ್ತು ಭೂಸ್ಪರ್ಶ’, ‘ಪತನ’, ‘ಅಪಘಾತ’ ಎಂಬ ಪದಗಳು ಒಂದರ ಜಾಗದಲ್ಲಿ ಇನ್ನೊಂದು ಬರುವುದುಂಟು. ಭಾರತದ 2017ರ ವಿಮಾನ ಅಪಘಾತ ತನಿಖಾ ನಿಯಮಗಳ ಪ್ರಕಾರ ಸಾವು, ಗಂಭೀರ ಗಾಯ ಅಥವಾ ವಿಮಾನದ ರಚನಾಬಲ ಕುಂದಿಸುವ ಹಾನಿ ಇದ್ದರೆ ಸಾಮಾನ್ಯವಾಗಿ ಅದು ‘ಅಪಘಾತ’. ವಿದ್ಯಾರ್ಥಿ ಇಳಿಸುವಾಗ ವಿಮಾನ ಪುಟಿದು ಟೈರು ಒಡೆದರೆ, ಅಥವಾ ಪ್ರೊಪೆಲ್ಲರ್ ಮಾತ್ರ ಬಾಗಿದರೆ ಆ ಹೆಸರು ಸಲ್ಲದು. ಪತ್ರಿಕಾ ವರದಿಗಳನ್ನಷ್ಟೇ ಎಣಿಸಿ ಅಪಘಾತಗಳ ಸಂಖ್ಯೆ ಹೇಳುವುದು ಆದ್ದರಿಂದ ಸಾಧುವಲ್ಲ.

2. ಎತ್ತರದ ಅಂಕಿಗಳು

ಎಣಿಕೆ ಬಿಟ್ಟು, ಶೀರ್ಷಿಕೆಯಲ್ಲಿ ಹೇಳಿದ ಸೀಮೆಯಲ್ಲಿ ಎತ್ತರವು ಇಳಿಯುವ ವೇಗವನ್ನು ಎಷ್ಟು ಬದಲಿಸುತ್ತದೆ ಎಂದು ನೋಡೋಣ. ಸಮುದ್ರಮಟ್ಟದಿಂದ ಪಾವಗಡ ಪಟ್ಟಣ ಸುಮಾರು 646 ಮೀಟರ್, ಶಿರಾ 662, ಮಧುಗಿರಿ 787. ಮಧುಗಿರಿ ಬೆಟ್ಟಕ್ಕೆ 3,930 ಅಡಿ ಎಂದೂ 1,193 ಮೀಟರ್ ಎಂದೂ ಬರೆಯುತ್ತಾರೆ. ಮೊದಲನೆಯದನ್ನು ಮೀಟರಿಗೆ ತಂದರೆ 1,198 ಆಗುತ್ತದೆ. ಈ 5 ಮೀಟರಿನ ವ್ಯತ್ಯಾಸ ಇಲ್ಲಿ ಗೌಣ. ಬೆಟ್ಟದ ಅಂಕಿಯನ್ನೇ ಊರಿನದೆಂದು ಹಿಡಿದರೆ ಮಾತ್ರ 400 ಮೀಟರಿನಷ್ಟು ತಪ್ಪು ಲೆಕ್ಕದೊಳಗೆ ನುಗ್ಗುತ್ತದೆ.

3. ಲೆಕ್ಕ

ಒಣ ಗಾಳಿ, ಆಯಾ ಎತ್ತರದ ಪ್ರಮಾಣಿತ ಒತ್ತಡ, 38 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಂಡರೆ ಗಾಳಿಯ ಸಾಂದ್ರತೆ ಪ್ರಮಾಣಿತ ಸಮುದ್ರಮಟ್ಟದ ಮೌಲ್ಯಕ್ಕೆ ಹೋಲಿಸಿದಾಗ ಪಾವಗಡದಲ್ಲಿ 0.857, ಮಧುಗಿರಿಯಲ್ಲಿ 0.843. ಸಾಂದ್ರತೆಯ ದೃಷ್ಟಿಯಿಂದ ಆ ಹೊತ್ತಿನ ಮಧುಗಿರಿ ಸುಮಾರು 1,745 ಮೀಟರ್ ಎತ್ತರದ ಊರಿಗೆ ಸಮ. ವೇಗಮಾಪಕ 60 ನಾಟ್ ತೋರಿಸುವಾಗ ನಿಜವಾದ ವೇಗ ಪಾವಗಡದಲ್ಲಿ ಸುಮಾರು 64.8, ಮಧುಗಿರಿಯಲ್ಲಿ 65.4 ನಾಟ್. ಪ್ರಮಾಣಿತ ಸಮುದ್ರಮಟ್ಟಕ್ಕೆ ಹೋಲಿಸಿದರೆ ಮಧುಗಿರಿಯಲ್ಲಿ ಚಲನಶಕ್ತಿ ಶೇ. 18ರಿಂದ 19ರಷ್ಟು ಹೆಚ್ಚು. ಬ್ರೇಕಿನ ಹೊರೆಯೂ ಅದರೊಂದಿಗೆ ಹೆಚ್ಚುತ್ತದೆ.

ಸಮುದ್ರಮಟ್ಟದ ಓಡುದಾರಿಯಲ್ಲಿ ಕಲಿತವರಿಗೆ ಇಲ್ಲಿ ನೆಲ ಹೆಚ್ಚು ವೇಗವಾಗಿ ಓಡುವಂತೆ ಕಾಣುತ್ತದೆ. ಮಾಪಕ ಬಿಟ್ಟು ಕಣ್ಣನ್ನೇ ನಂಬಿ ವೇಗ ಇಳಿಸಿದರೆ ರೆಕ್ಕೆಯ ಎತ್ತುವ ಬಲ ಬೇಗ ಕುಸಿದು, ವಿಮಾನ ನೆಲಕ್ಕೆ ಬಡಿಯುವ ಸಂಭವವಿದೆ. ಇದು ಲೆಕ್ಕದಿಂದ ಬಂದ ಅನುಮಾನ. ಬೆಳಗಾವಿ ಪ್ರಕರಣದ ಕಾರಣವಾಗಿ ಇದನ್ನು ಸೂಚಿಸುತ್ತಿಲ್ಲ.

4. ಮಿತಿ

ತೇವಾಂಶವನ್ನು ಕೈಬಿಟ್ಟಿದೆ; ಸೇರಿಸಿದರೆ ಸಾಂದ್ರತೆ ಇನ್ನೂ ಸ್ವಲ್ಪ ತಗ್ಗುತ್ತದೆ. ಗಾಳಿಯ ದಿಕ್ಕನ್ನೂ ಗಣಿಸಿಲ್ಲ. ಕೊರಟಗೆರೆಯ ಸಿದ್ಧರಬೆಟ್ಟ, ಚನ್ನರಾಯನದುರ್ಗದಂಥ ಬಂಡೆಬೆಟ್ಟಗಳ ಮರೆಯಲ್ಲಿ ಗಾಳಿ ಸುಳಿಯುವುದರಿಂದ ಅಲ್ಲಿ ಮೇಲಿನ ಅಂಕಿಗಳನ್ನು ಹಾಗೇ ಅನ್ವಯಿಸಲಾಗದು. ಹೊಲದಲ್ಲಿ ಇಳಿಯಬೇಕಾಗಿ ಬಂದರೆ ಅಡ್ಡ ಬರುವ ಬದು ವೇಗದಲ್ಲಿನ ಈ ಸುಮಾರು 5 ನಾಟ್ ಹೆಚ್ಚಳಕ್ಕಿಂತ ದೊಡ್ಡ ಅಪಾಯವಾಗಬಹುದು.